ಅಜ್ಜನ 1969ರ ಫಿಯೆಟ್‌ಗೆ ಕಂಪನಿಯಿಂದ ಬಂದ ದಿನದ ಬಣ್ಣವೇ ಬೇಕು. ಹೇಗೆ?

ತುಂಗಾತೀರದವನು, ತೀರ್ಥಹಳ್ಳಿ (ಜುಲೈ)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗುವ ಅಡಿಕೆ ತೋಟದ ಮನೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಅಜ್ಜನ ಫಿಯೆಟ್ 1100 ಡಿಲೈಟ್ ನಿಂತಿದೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಮಾಡಿದ 1969ರ ಗಾಡಿ. ಇದೇ ಮಾದರಿ ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು. 1089 ಸಿಸಿ ಎಂಜಿನ್, ಗೇರು ಸ್ಟೀರಿಂಗ್ ಪಕ್ಕದಲ್ಲೇ. ನಂಬರ್ ಇನ್ನೂ ‘ಎಂವೈ’ ಅಂತಲೇ ಶುರುವಾಗುತ್ತದೆ. ನಮ್ಮ ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದ ಕಾಲದ್ದು.

ಅಮ್ಮ ಮದುಮಗಳಾಗಿ ಈ ಮನೆಗೆ ಬಂದಿದ್ದು ಇದೇ ಕಾರಲ್ಲಿ. ನನ್ನನ್ನು ಹೆತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೂ ಇದರಲ್ಲೇ. ಅಜ್ಜ ತೀರಿಕೊಂಡು ಎರಡು ವರ್ಷ ಆಯಿತು. ಕೊನೆಯವರೆಗೂ ದಿನಾ ಬೆಳಿಗ್ಗೆ ಹೋಗಿ ಒಂದು ಸಲ ಬಾಗಿಲು ತೆಗೆದು ಮುಚ್ಚಿ ಬರುತ್ತಿದ್ದರು.

ಎಂಜಿನ್ ಕೆಲಸ ಆಗಿದೆ. ಬ್ರೇಕ್ ಆಗಿದೆ. ಈಗ ಬಾಡಿ. ಕಾರು ಸದ್ಯ ಮೆರೂನ್ ಬಣ್ಣದಲ್ಲಿದೆ. ಅಪ್ಪ 1994ರಲ್ಲಿ ಹೊಡೆಸಿದ್ದು. ಆ ಶೆಡ್ಡಿನವರು ತುಕ್ಕಿನ ಮೇಲೇ ಪುಟ್ಟಿ ಮೆತ್ತಿದ್ದರು. ಈಗ ಬಾಗಿಲ ಅಂಚಲ್ಲಿ ಹಪ್ಪಳದ ಹಾಗೆ ಎದ್ದಿದೆ. ಅದಕ್ಕೂ ಮೊದಲು ದೊಡ್ಡಪ್ಪ ಬಿಳಿ ಹೊಡೆಸಿದ್ದರಂತೆ. ಕಂಪನಿಯಿಂದ ಬಂದಾಗ ಯಾವ ಬಣ್ಣ ಇತ್ತು ಅಂತ ಅಪ್ಪನಿಗೆ ಸರಿಯಾಗಿ ನೆನಪಿಲ್ಲ. ಇರುವ ಫೋಟೋ ಎಲ್ಲ ಕಪ್ಪು ಬಿಳುಪು. ಅಜ್ಜಿಯನ್ನು ಕೇಳಿದರೆ, ‘ಕೆಸುವಿನ ಎಲೆ ಮಗುಚಿದರೆ ಕಾಣುತ್ತದಲ್ಲ, ಅದೇ ಬಣ್ಣ’ ಅನ್ನುತ್ತಾರೆ. ಬೂದಿಯೂ ಹೌದು, ಹಸಿರೂ ಹೌದು.

ಇಬ್ಬರು ಪೇಂಟರ್‌ಗಳನ್ನು ಕೇಳಿದೆ. ಒಬ್ಬರು ಮೆಟಾಲಿಕ್ ಹೊಡೆದು ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಕೊಡೋಣ, ಮುಖ ನೋಡಿಕೊಳ್ಳಬಹುದು ಅಂದರು. ಇನ್ನೊಬ್ಬರು ಕಲರ್ ಕೋಡ್ ತನ್ನಿ ಅಂದರು. ಗಾಡಿಯಲ್ಲಿ ಎಲ್ಲಿ ಹುಡುಕಿದರೂ ಅಂಥ ಕೋಡ್ ಇರುವ ಪಟ್ಟಿ ನನಗೆ ಸಿಗಲಿಲ್ಲ.

ಕನ್ನಡಿ ಥರ ಹೊಳೆಯಬೇಕು ಅಂತ ನನಗೆ ಆಸೆ ಇಲ್ಲ. 1969ರಲ್ಲಿ ಅಜ್ಜ ಮೊದಲ ಸಲ ನೋಡಿದಾಗ ಹೇಗಿತ್ತೋ ಹಾಗೆ ಬೇಕು. ಮೂಲ ಬಣ್ಣ ಹುಡುಕುವುದು ಹೇಗೆ? ಆ ಕಾಲದ ಪೇಂಟ್ ಯಾವುದು, ಈಗ ಏನು ಬಳಸಬೇಕು? ಮತ್ತೆ, ದೊಡ್ಡಹಬ್ಬದ (ದೀಪಾವಳಿ) ಹೊತ್ತಿಗೆ ಮುಗಿಸಿ ಗಾಡಿಪೂಜೆಗೆ ಅಂಗಳದಲ್ಲಿ ನಿಲ್ಲಿಸಬೇಕು ಅಂತ ಅಜ್ಜಿಗೆ ತುಂಬಾ ಇದೆ. ಆಗುತ್ತದಾ?

ಭದ್ರಾವತಿಯವನು

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಮೊದಲು ಹಳೇ ಆರ್‌ಸಿ ಪುಸ್ತಕ ಇದ್ದರೆ ತೆಗೆದು ನೋಡಿ. ಕೈಬರಹದ ಪುಸ್ತಕ ಇರುತ್ತಿತ್ತಲ್ಲ, ಅದರಲ್ಲಿ ಬಣ್ಣಕ್ಕೆ ಒಂದು ಸಾಲು ಇರುತ್ತದೆ. ನಮ್ಮ ಮಾವನ ಅಂಬಾಸಿಡರ್ ವಿಷಯದಲ್ಲಿ ಹಾಗೇ ಗೊತ್ತಾಗಿದ್ದು. ಬಣ್ಣ ಬದಲಾಯಿಸಿದಾಗ ಆರ್‌ಟಿಓದಲ್ಲಿ ಬರೆಸಿದ್ದರೆ ಅದೂ ಇರುತ್ತದೆ. ನೀವೂ ಈಗ ಬಣ್ಣ ಬದಲಾದ ಮೇಲೆ ಮರೆಯದೆ ಬರೆಸಿ.

ಇನ್ನೊಂದು ವಿಷಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಆದರೆ ಆ ನಂಬರ್ ತಗೊಂಡರೆ ದಿನಾ ಓಡಿಸುವ ಹಾಗಿಲ್ಲ. ಯೋಚನೆ ಮಾಡಿ ನಿರ್ಧಾರ ಮಾಡಿ.

ಪೇಂಟ್ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ. ಮಾವನ ಕಾರಿಗೆ ಕ್ಲಿಯರ್ ಕೋಟ್ ಕೊಡಿಸಿದೆವು. ಗಟ್ಟಿಯಾಗಿದೆ, ಚೆನ್ನಾಗಿದೆ. ಆದರೆ ಹಳೇ ಕಾರು ಅಂತ ಅನ್ನಿಸುವುದಿಲ್ಲ. ಮಾವ ಬಾಯಿಬಿಟ್ಟು ಹೇಳಿಲ್ಲ, ಅವರಿಗೆ ಸಮಾಧಾನ ಆಗಿಲ್ಲ ಅಂತ ನನಗೆ ಗೊತ್ತು.

ಹಳೇ ಪೇಂಟರ್, ಶಿವಮೊಗ್ಗ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಶೆಡ್ ಇದೆ. 1984ರಲ್ಲಿ ಹದಿನಾಲ್ಕನೇ ವಯಸ್ಸಿಗೆ ವಾಟರ್ ಪೇಪರ್ ತಿಕ್ಕುವ ಹುಡುಗನಾಗಿ ಈ ಕೆಲಸಕ್ಕೆ ಬಂದವನು. ನನ್ನ ಮಗನ ವಯಸ್ಸಿನವನು ಅನ್ನಿಸಿತು, ಅದಕ್ಕೇ ತಮ್ಮಾ ಅಂತ ಕರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಮೊದಲ ಮಾತು. ಯಾರು ಏನೇ ಹೇಳಲಿ, ಸದ್ಯಕ್ಕೆ ಆ ಕಾರಿಗೆ ಎಮೆರಿ ಮುಟ್ಟಿಸಬೇಡ. ಕಂಪನಿಯವರು ಏನು ಹೊಡೆದಿದ್ದರು ಅನ್ನುವುದಕ್ಕೆ ಸಾಕ್ಷಿ ಇರುವುದು ಆ ಕಾರಿನ ಮೈಮೇಲೆ ಮಾತ್ರ. ತಿಕ್ಕಿ ತೆಗೆದರೆ ಮತ್ತೆ ಯಾರನ್ನು ಕೇಳುತ್ತೀಯಾ? ನಾನು ಈ ತಪ್ಪು ಮಾಡಿದ್ದೇನೆ. 1997ರಲ್ಲಿ ಕೊಪ್ಪ ಕಡೆಯ ಕಾಫಿ ತೋಟದವರೊಬ್ಬರು ಒಂದು ಹಳೇ ಕಾರು ಬಿಟ್ಟು ಹೋದರು. ಒಳ್ಳೆ ಕೆಲಸ ಮಾಡಿಕೊಡಬೇಕು ಅನ್ನುವ ಹುರುಪಲ್ಲಿ ಮೂಲೆ ಮೂಲೆಯ ಪೇಂಟ್ ತೆಗೆದು ತಗಡು ಕಾಣಿಸಿಬಿಟ್ಟೆ. ಅವರು ಬಂದು, ‘ಡಿಕ್ಕಿ ಒಳಗೆ ನಮ್ಮಪ್ಪನ ಕಾಲದ ಬಣ್ಣ ಹಾಗೇ ಇತ್ತಲ್ಲ, ಅದನ್ನು ನೋಡಿ ಹೊಡೀರಿ ಅಂತ ಹೇಳೋಕೆ ಬಂದೆ’ ಅಂದರು. ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಅವರ ಮುಖ ಕಣ್ಣಮುಂದೆ ಇದೆ.

ಎಲ್ಲಿ ಹುಡುಕಬೇಕು ಹೇಳುತ್ತೇನೆ. ಮೇಲಿಂದ ಮೇಲೆ ಪೇಂಟ್ ಹೊಡೆಯುವವರು ಎಲ್ಲವನ್ನೂ ಬಿಚ್ಚುವುದಿಲ್ಲ. ಪೇಪರ್ ಅಂಟಿಸಿ ಮುಚ್ಚಿ ಹೊಡೆಯುತ್ತಾರೆ. ಹಾಗಾಗಿ ಅವರು ಬಿಚ್ಚದೇ ಇದ್ದ ಜಾಗದ ಹಿಂದೆ ಹಳೇ ಬಣ್ಣ ಕೂತಿರುತ್ತದೆ. ಬಾಗಿಲಿನ ಒಳಗಡೆ ರಟ್ಟು ಬಿಚ್ಚಿ ನೋಡು. ಹಿಂದಿನ ಸೀಟು ಎತ್ತಿ ನೋಡು. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಮೇಲೆ ನೋಡು. ಹಿಂದಿನ ಲೈಟ್ ಬಿಚ್ಚಿದರೆ ಅದರ ರಬ್ಬರ್ ಕೂತಿದ್ದ ಜಾಗ ತುಂಬಾ ಚೆನ್ನಾಗಿರುತ್ತದೆ. ಗಾಳಿ ಇಲ್ಲ, ಬಿಸಿಲಿಲ್ಲ. ಸಿಕ್ಕಿದ್ದನ್ನು ಸೋಪು ನೀರಲ್ಲಿ ಒರೆಸಿ, ಒಣಗಿದ ಮೇಲೆ ಬಟ್ಟೆಯಲ್ಲಿ ಒಂಚೂರು ಕಾಂಪೌಂಡ್ ತಗೊಂಡು ಕೈಯಲ್ಲೇ ನಯವಾಗಿ ಉಜ್ಜು. ಮೇಲಿನ ಹಳದಿ ಪೊರೆ ಹೋದ ಮೇಲೆ ಕಾಣುವುದೇ ನಿಜವಾದ ಬಣ್ಣ. ಬಾನೆಟ್ ಮೇಲೋ ಟಾಪ್ ಮೇಲೋ ಹಳೇ ಬಣ್ಣ ಸಿಕ್ಕಿದರೂ ಅದನ್ನು ಮ್ಯಾಚ್ ಮಾಡಲು ಕೊಡಬೇಡ. ಬಿಸಿಲಿಗೆ ಅದು ಎಷ್ಟು ಇಳಿದಿದೆಯೋ ಹೇಳಕ್ಕಾಗಲ್ಲ.

ಆಮೇಲೆ ಒಂದು ಉಂಗುರ ಮಾಡು. ಇದು ಪುಸ್ತಕದಲ್ಲಿ ಓದಿದ್ದಲ್ಲ, ಕೈಯಲ್ಲಿ ಮಾಡಿ ಕಲಿತಿದ್ದು. ಡಿಕ್ಕಿ ಒಳಗಿನ ಅಂಚು ಥರ ಹೊರಗೆ ಕಾಣದ, ಆದರೆ ಪ್ರತಿಸಲ ಪೇಂಟ್ ಬಿದ್ದಿರುವ ಒಂದು ಜಾಗ ಆರಿಸಿಕೋ. 400ರ ವಾಟರ್ ಪೇಪರನ್ನು ಬೆರಳ ತುದಿಗೆ ಸುತ್ತಿ, ನೀರು ಹಾಕುತ್ತಾ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ತಗಡು ಕಾಣುವವರೆಗೆ ತಿಕ್ಕು. ಆಮೇಲೆ 800, 1200, 2000. ನಂಬರ್ ಏರಿದಷ್ಟೂ ಪೇಪರ್ ನಯ. ಪ್ರತಿ ಸಲ ಸುತ್ತಳತೆ ಸ್ವಲ್ಪ ಸ್ವಲ್ಪ ದೊಡ್ಡದು ಮಾಡುತ್ತಾ ಹೋಗು. ಅವಸರ ಬೇಡ. ಕೊನೆಗೆ ಮರ ಕುಯ್ದಾಗ ಸುತ್ತುಗಳು ಕಾಣುತ್ತವಲ್ಲ, ಹಾಗೆ ಒಂದೊಂದು ಪೇಂಟೂ ಒಂದೊಂದು ಸುತ್ತಾಗಿ ಕಾಣುತ್ತದೆ. ತಗಡಿಗೆ ಅಂಟಿಕೊಂಡಿದ್ದು ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹೊಡೆಯುವ ಅಡಿಪದರ. ಅದರ ಮೇಲಿನದೇ ಕಂಪನಿ ಬಣ್ಣ.

ಇನ್ನು ಯಾವ ಜಾತಿ ಪೇಂಟ್ ಅಂತ ತಿಳಿಯಲು ಹತ್ತಿ ಪರೀಕ್ಷೆ ಇದೆ. ಹತ್ತಿ ಉಂಡೆಯನ್ನು ಎನ್‌ಸಿ ಥಿನ್ನರಲ್ಲಿ (ಎನ್‌ಸಿ ಅಂದರೆ ನೈಟ್ರೊಸೆಲ್ಯುಲೋಸ್ ಪೇಂಟ್) ಅದ್ದಿ ಮರೆಯ ಜಾಗದಲ್ಲಿ ಹತ್ತು ಸಲ ಉಜ್ಜು. ಎನ್‌ಸಿ ಲ್ಯಾಕರ್ ಆದರೆ ಎಷ್ಟೇ ಹಳೆಯದಾದರೂ ತನ್ನ ಥಿನ್ನರಿಗೆ ಮತ್ತೆ ಕರಗುತ್ತದೆ. ಹತ್ತಿಗೆ ಬಣ್ಣ ಹತ್ತುತ್ತದೆ. ಒಲೆಯಲ್ಲಿ ಬೇಯಿಸಿದ ಎನಾಮೆಲ್ ಆದರೆ ಹತ್ತಿ ಬೆಳ್ಳಗೇ ಇರುತ್ತದೆ. ನಮ್ಮ ಕಡೆ ಗನ್ನಿನಲ್ಲಿ ಹೊಡೆಯುವ ಎಲ್ಲಕ್ಕೂ ಡ್ಯೂಕೋ ಅಂತಾರೆ, ಅದು ಮೊದಲು ಒಂದು ಎನ್‌ಸಿ ಪೇಂಟಿನ ಹೆಸರು. ಅಮೆರಿಕದ ಡ್ಯೂಪಾಂಟ್ ಕಂಪನಿಯದು. 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಹೊಡೆದರು. ಅದಕ್ಕೂ ಮೊದಲು ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ನನ್ನ ಉಸ್ತಾದರು ಈ ಕಥೆಯನ್ನು ಗನ್ ತೊಳೆಯುತ್ತಾ ಹೇಳುತ್ತಿದ್ದರು.

ಬಣ್ಣ ಸಿಕ್ಕ ಮೇಲೆ ಆ ತುಂಡನ್ನು, ಸಾಧ್ಯವಾದರೆ ಬಿಚ್ಚಿ ತರುವಂಥದ್ದನ್ನು, ಬಣ್ಣ ಬೆರೆಸಿ ಕೊಡುವ ಮಿಕ್ಸಿಂಗ್ ಅಂಗಡಿಗೆ ಒಯ್ಯಿ. ಸ್ಕ್ಯಾನರ್ ಇಟ್ಟು ನೋಡಿ ಅಳತೆ ಕೊಡುತ್ತಾರೆ. ಆದರೆ ಮಷಿನ್ ಕೊಟ್ಟಿದ್ದೇ ಕೊನೆ ಅಂದುಕೊಳ್ಳಬೇಡ. ಒಂದು ತಗಡಿನ ಚೂರಿಗೆ ನಿನ್ನ ಕಾರಿಗೆ ಹೊಡೆಯುವ ಗನ್ನಿನಲ್ಲೇ, ಅಷ್ಟೇ ಕೋಟ್ ಹೊಡೆಸಿ, ಪೂರ್ತಿ ಒಣಗಿದ ಮೇಲೆ ಮೂಲದ ಪಕ್ಕ ಇಟ್ಟು ನೋಡು. ಬಿಸಿಲಲ್ಲಿ ನೋಡು, ಜಗಲಿ ನೆರಳಲ್ಲಿ ನೋಡು, ಟ್ಯೂಬ್‌ಲೈಟ್ ಕೆಳಗೂ ನೋಡು. ಒಂದು ಬೆಳಕಲ್ಲಿ ಕೂಡಿದ ಬಣ್ಣ ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು. ನಿಮ್ಮ ಅಜ್ಜಿ ಹೇಳಿದಂಥ ಬೂದಿ ಹಸಿರಂತೂ ಈ ವಿಷಯದಲ್ಲಿ ತುಂಬಾ ಕಾಡುತ್ತದೆ. ಹಸಿ ಪೇಂಟ್ ನೋಡಿ ಯಾವತ್ತೂ ತೀರ್ಮಾನ ಮಾಡಬೇಡ, ಒಣಗಿದರೆ ಗಾಢ ಆಗುತ್ತದೆ.

ಬಣ್ಣಕ್ಕಿಂತ ಜಾಸ್ತಿ ಜನ ಎಡವುವುದು ಹೊಳಪಲ್ಲಿ. ಕ್ಲಿಯರ್ ಕೋಟ್ ಕಾರು ಕಾರ್ಖಾನೆಗಳಲ್ಲಿ ಹರಡಿದ್ದು 1980ರ ದಶಕದಲ್ಲಿ. ನಿನ್ನ ಕಾರಿಗೆ ಅದು ಇರಲಿಲ್ಲ. ಬಣ್ಣವೇ ಮೇಲಿನ ಪದರ. ಅದಕ್ಕೆ ಹೊಳಪು ಬಣ್ಣದ ಮೈಯಿಂದಲೇ ಬರುತ್ತದೆ, ಎಣ್ಣೆ ಒರೆಸಿದ ತೇಗದ ಬಾಗಿಲಿನ ಹಾಗೆ. ಕ್ಲಿಯರ್ ಕೊಟ್ಟರೆ ಮೇಲೆ ಗಾಜು ಹಾಸಿದ ಹಾಗೆ ಕಾಣುತ್ತದೆ. ದಪ್ಪವೂ ನೋಡಬೇಕು. ಕಂಪನಿಯವರ ಪೇಂಟ್ ಪ್ರೈಮರ್ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ಅಷ್ಟೇ. ಪುಟ್ಟಿ, ಪೇಂಟು ಅಂತ ಮೆತ್ತುತ್ತಾ ಹೋದರೆ ಬಾಗಿಲಿನ ಗೆರೆ, ಬಾನೆಟ್ಟಿನ ಏಣು ಎಲ್ಲ ಮೊಂಡಾಗುತ್ತವೆ. ಅದಕ್ಕೇ ಟಿಂಕರಿಂಗ್ ಚೆನ್ನಾಗಿ ಮಾಡಿಸು. ತಗಡು ಸರಿ ಇದ್ದರೆ ಪುಟ್ಟಿ ಯಾಕೆ ಬೇಕು?

ಬಾನೆಟ್ ಒಳಗೆ, ಡಿಕ್ಕಿ ಒಳಗೆ ಪಾಲಿಶ್ ಮಾಡಿಸಬೇಡ. ಕಾಣದ ಜಾಗವನ್ನು ಕಾರ್ಖಾನೆಯಲ್ಲಿ ಯಾರೂ ಉಜ್ಜುತ್ತಾ ಕೂತಿರಲಿಲ್ಲ. ಗನ್ನಿಂದ ಬಿದ್ದ ಹಾಗೇ ಸ್ವಲ್ಪ ಒರಟು, ಸ್ವಲ್ಪ ಮಂಕು ಇರುತ್ತದೆ. ಅದು ಹಾಗೇ ಇದ್ದರೆ ಚೆಂದ. ಎಲ್ಲ ಬಿಚ್ಚುವ ಮೊದಲು ಫೋಟೋ ತೆಗಿ. ಬಾಗಿಲಿನ ಹಿಂಜಿನ ಬೋಲ್ಟ್ ಮೇಲೆ ಬಣ್ಣ ಇದೆಯಾ, ಬರೀ ಕಬ್ಬಿಣವಾ, ಕಪ್ಪಾ, ಬರೆದಿಟ್ಟುಕೋ. ಕಂಪನಿ ಕೆಲಸ ಅಂದರೆ ಇದೂ ಸೇರುತ್ತದೆ.

ದೊಡ್ಡಹಬ್ಬದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಹತ್ತಿ ಏನು ಹೇಳಿತು ತಿಳಿಸು.

ತುಂಗಾತೀರದವನು, ತೀರ್ಥಹಳ್ಳಿ (ಹನ್ನೊಂದು ದಿನ ಬಿಟ್ಟು)

ಮೇಸ್ತ್ರಿಗಳೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಎರಡು ಭಾನುವಾರ ಮಳೆ ಬಿಡಲೇ ಇಲ್ಲ, ತೋಟಕ್ಕೆ ಇಳಿಯಲು ಆಗಲಿಲ್ಲ. ಶೆಡ್ಡಿನಲ್ಲೇ ಕೂತು ನೀವು ಹೇಳಿದ್ದೆಲ್ಲ ಮಾಡಿದೆ.

ಹಿಂದಿನ ಸೀಟು ಎತ್ತಿದಾಗ ಮೊದಲು ಸಿಕ್ಕಿದ್ದು ಅಜ್ಜನ ನಶ್ಯದ ಡಬ್ಬಿ. ಜೊತೆಗೆ ಎರಡು ಹತ್ತು ಪೈಸೆ, ಒಣಗಿ ಕಲ್ಲಾದ ಒಂದು ಅಡಿಕೆ ಹೋಳು. ಒರೆಸಿದರೆ ಅಡಿಯಲ್ಲಿ ಬಣ್ಣ! ಹಿಂದಿನ ಎಡ ಬಾಗಿಲಿನ ರಟ್ಟು ಬಿಚ್ಚಿದಾಗ ಇನ್ನೂ ಚೆನ್ನಾಗಿ ಸಿಕ್ಕಿತು. ಒಂದು ಅಂಗೈ ಅಗಲ, ಒಂದು ಗೀರೂ ಇಲ್ಲ. ಅಜ್ಜಿಯ ಕೈ ಹಿಡಿದು ಶೆಡ್ಡಿಗೆ ಕರೆತಂದೆ. ಅವರು ಬರುವಾಗಲೇ ಬಚ್ಚಲ ಹಿಂದಿನ ಕೆಸುವಿನ ಒಂದು ಎಲೆ ಕಿತ್ತುಕೊಂಡು ಬಂದಿದ್ದರು. ಎಲೆ ಮಗುಚಿ ಬಾಗಿಲ ಒಳಗೆ ಹಿಡಿದರು. ಎಲೆ ಒಂದೇ ಒಂದು ಚೂರು ಜಾಸ್ತಿ ಹಸಿರು, ಅಷ್ಟೇ. ಅಜ್ಜಿ ಏನೂ ಮಾತಾಡಲಿಲ್ಲ. ಆ ಜಾಗವನ್ನು ಸೆರಗಿನಿಂದ ಇನ್ನೊಂದು ಸಲ ಒರೆಸಿದರು.

ಆರ್‌ಸಿ ಪುಸ್ತಕವೂ ಸಿಕ್ಕಿತು, ಭದ್ರಾವತಿಯವರಿಗೆ ಧನ್ಯವಾದ. ಬಣ್ಣದ ಸಾಲಿನಲ್ಲಿ ಬರೀ ‘ಗ್ರೇ’ ಅಂತ ಇದೆ.

ಉಂಗುರ ಡಿಕ್ಕಿ ಅಂಚಲ್ಲಿ ಮಾಡಿದೆ. ಹೊರಗಿನಿಂದ ಮೆರೂನ್, ಬೂದು ಪ್ರೈಮರ್, ಬಿಳಿ, ಮತ್ತೆ ಬೂದು ಪ್ರೈಮರ್, ಆಮೇಲೆ ಕೆಸುವಿನ ಬಣ್ಣ, ಅದರೊಳಗೆ ಇಟ್ಟಿಗೆ ಬಣ್ಣದ ಪ್ರೈಮರ್, ನಡುವೆ ತಗಡು. ಅಷ್ಟು ಚಿಕ್ಕ ಜಾಗದಲ್ಲಿ ಅಜ್ಜ, ದೊಡ್ಡಪ್ಪ, ಅಪ್ಪ ಮೂವರೂ ಇದ್ದಾರೆ ಅನ್ನಿಸಿತು.

ಹತ್ತಿ ಪರೀಕ್ಷೆ: ಮೆರೂನ್ ಮೇಲೆ ಉಜ್ಜಿದರೆ ಹತ್ತಿ ಬೀಟ್‌ರೂಟ್ ಹಿಡಿದ ಹಾಗೆ ಕೆಂಪಾಯಿತು. ಕೆಸುವಿನ ಬಣ್ಣದ ಮೇಲೆ ಹತ್ತಲ್ಲ, ಇಪ್ಪತ್ತು ಸಲ ಉಜ್ಜಿದೆ. ಬೆಳ್ಳಗೇ ಉಳಿಯಿತು.

ಎರಡು ಪ್ರಶ್ನೆ. ಬಾಗಿಲ ರಟ್ಟಿನ ಹಿಂದೆ ತಗಡಿನ ಮೇಲೆ ಯಾರೋ ಮೇಣದ ಬಳಪದಲ್ಲಿ 4 ಅಂತಲೋ 9 ಅಂತಲೋ ಗೀಚಿದ್ದಾರೆ. ಬಾನೆಟ್ ಒಳಗೆ ಹಿಂಜಿನ ಹತ್ತಿರ ಪೇಂಟ್ ಇಳಿದು ಒಂದು ಹನಿ ಹಾಗೇ ಗಟ್ಟಿಯಾಗಿದೆ, ಅದೂ ಕಂಪನಿ ಬಣ್ಣದ್ದೇ. ಇವನ್ನು ತೆಗೆದು ಸರಿ ಮಾಡಬೇಕಾ?

ಸಾಗರದವನು, ಈಗ ಮಿಷಿಗನ್

ದಯವಿಟ್ಟು ತೆಗೆಯಬೇಡಿ! ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಮ್ಮೂರು ಸಾಗರ. ಇಲ್ಲಿ ಹಳೇ ಅಮೆರಿಕನ್ ಮಸಲ್ ಕಾರುಗಳನ್ನು (ದೊಡ್ಡ ಎಂಜಿನ್ನಿನ ವೇಗದ ಕಾರುಗಳು) ಮತ್ತೆ ಮೊದಲಿನಂತೆ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆ. ಸದ್ಯ ನನ್ನ ಮುಂದೆ 1969ರ ಶೆವ್ರೋಲೆ ಕ್ಯಾಮರೋ ಇದೆ. ನಿಮ್ಮ ಫಿಯೆಟ್ ಹುಟ್ಟಿದ ವರ್ಷದ್ದೇ. ಇದಕ್ಕೆ ಮುಂದಿನ ಗಾಜಿನ ಕೆಳಗೆ, ಎಂಜಿನ್ ಹಿಂದಿನ ಗೋಡೆಯ ಮೇಲೆ ಒಂದು ಪುಟ್ಟ ತಗಡಿನ ಪಟ್ಟಿ ಇರುತ್ತದೆ. ಅದರಲ್ಲಿ 72 ಅಂತ ಇದ್ದರೆ ಹಗ್ಗರ್ ಆರೆಂಜ್ ಬಣ್ಣ. ಬಣ್ಣದ ಹೆಸರು ಹೀಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೂ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಯಾಕೆಂದರೆ ಬಣ್ಣ ಗೊತ್ತಾದರೆ ಸಾಲದು, ಅದು ಮೈಮೇಲೆ ಹೇಗೆ ಕೂತಿತ್ತು ಅನ್ನುವುದೂ ಗೊತ್ತಾಗಬೇಕು.

ಆ ಕಾಲದಲ್ಲಿ ಜನರಲ್ ಮೋಟಾರ್ಸ್‌ನವರು ಆಕ್ರಿಲಿಕ್ ಲ್ಯಾಕರ್ ಬಳಸುತ್ತಿದ್ದರು. ಫೋರ್ಡ್, ಕ್ರೈಸ್ಲರ್‌ನವರು ಎನಾಮೆಲ್. ಲ್ಯಾಕರಿಗೆ ಒಂದು ಮೈ, ಎನಾಮೆಲ್ಲಿಗೆ ಇನ್ನೊಂದು ಮೈ. ಎನಾಮೆಲ್ ಮೇಲೆ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಅಲೆ ಇರುತ್ತದೆ. ಅದನ್ನು ತಿಕ್ಕಿ ಸಪಾಟು ಮಾಡಿದರೆ ಕಾರು ಚೆಂದ ಕಾಣಬಹುದು, ಆದರೆ ಕಾರ್ಖಾನೆಯ ಕಾರು ಆಗುವುದಿಲ್ಲ. ನಾವು ಒಂದು ಮೂಲ ಪೇಂಟಿನ ಬಾಗಿಲನ್ನು ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದೇವೆ. ತಗಡಿನ ಚೂರಿಗೆ ಹೊಡೆದು, ಟ್ಯೂಬ್‌ಲೈಟಿನ ನೆರಳು ಎರಡರ ಮೇಲೂ ಹೇಗೆ ಬೀಳುತ್ತದೆ ಅಂತ ನೋಡುತ್ತೇವೆ. ಆ ಬೆಳಕಿನ ಗೆರೆ ಎರಡರಲ್ಲೂ ಒಂದೇ ಥರ ನಡುಗಬೇಕು. ಗಾಳಿಯ ಒತ್ತಡ, ಥಿನ್ನರ್, ಗನ್ನಿನ ದೂರ ಎಲ್ಲವನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತೇವೆ.

ಇಲ್ಲಿ ಶೆವ್ರೋಲೆಯವರ ಕಾರ್ವೆಟ್ ಕಾರುಗಳಿಗೆ ಅಂತಲೇ 1974ರಲ್ಲಿ ಶುರುವಾದ ಎನ್‌ಸಿಆರ್‌ಎಸ್ ಅನ್ನುವ ಸಂಘ ಇದೆ. ಅವರ ಪರೀಕ್ಷೆಯಲ್ಲಿ ಕಾರು ಕಾರ್ಖಾನೆಯಿಂದ ಹೊರಬಂದ ಹಾಗೆ ಇರಬೇಕು. ಅದಕ್ಕಿಂತ ಚೆನ್ನಾಗಿ ಮಾಡಿದರೂ ಅಂಕ ಹೋಗುತ್ತದೆ. ಮೊದಲ ಸಲ ಕೇಳಿದಾಗ ನನಗೆ ವಿಚಿತ್ರ ಅನ್ನಿಸಿತ್ತು. ಈಗ ಅದೇ ಸರಿ ಅನ್ನಿಸುತ್ತದೆ.

ನಿಮ್ಮ ಮೇಣದ ಗೀಚು, ಆ ಹನಿ, ಇವೇ ಇಲ್ಲಿ ಜನ ಹುಡುಕಿಕೊಂಡು ಹೋಗುವ ವಸ್ತು. ಕಾರ್ಖಾನೆಯ ಸಾಲಿನಲ್ಲಿ ನಿಂತ ಕೆಲಸಗಾರರು ಬಳಪದಲ್ಲಿ ನಂಬರ್ ಬರೆಯುತ್ತಿದ್ದರು, ಸ್ಪ್ರಿಂಗ್ ಗುರುತಿಗೆ ಬಣ್ಣದ ಚುಕ್ಕೆ ಇಡುತ್ತಿದ್ದರು. ಅಳಿಸಿಹೋದ ಕಾರುಗಳಿಗೆ ನಾವು ಹಳೇ ಫೋಟೋ ನೋಡಿ ಅವನ್ನು ಮತ್ತೆ ಬರೆಯುತ್ತೇವೆ. ನಿಮ್ಮ ಕಾರಲ್ಲಿ ಇರುವುದು 1969ರಲ್ಲಿ ಕುರ್ಲಾದ ಒಬ್ಬ ಕೆಲಸಗಾರನ ಕೈಬರಹವೇ. ಅದರ ಮೇಲೆ ಪೇಪರ್ ಅಂಟಿಸಿ, ಅಂಟು ಗೀಚಿಗೆ ತಾಗದ ಹಾಗೆ ನೋಡಿಕೊಂಡು, ಸುತ್ತ ಮಾತ್ರ ಕೆಲಸ ಮಾಡಿಸಿ.

ಹಳೇ ಪೇಂಟರ್, ಶಿವಮೊಗ್ಗ

ಸಾಗರದವರ ಮಾತು ನೂರಕ್ಕೆ ನೂರು ಸರಿ. ಬೆಳಕಿನ ಗೆರೆ ನಡುಗುವುದನ್ನು ನೋಡಬೇಕು ಅಂದರಲ್ಲ, ನಲವತ್ತು ವರ್ಷದಿಂದ ನಾನು ಅದನ್ನೇ ನೋಡುತ್ತಿದ್ದೇನೆ, ಹೀಗೆ ಮಾತಲ್ಲಿ ಹೇಳಲು ಬಂದಿರಲಿಲ್ಲ.

ತಮ್ಮಾ, ನಾನು ಎನ್‌ಸಿ ಇರಬಹುದು ಅಂತ ಎಣಿಸಿದ್ದೆ. ಹತ್ತಿ ಬೇರೆ ಹೇಳಿತು. ಹತ್ತಿ ಹೇಳಿದ್ದನ್ನೇ ಕೇಳೋಣ. ಬೇಯಿಸಿದ ಎನಾಮೆಲ್ಲಿಗೆ ಹತ್ತಿರ ಕಾಣುವುದು ಕ್ಲಿಯರ್ ಇಲ್ಲದ 2ಕೆ ಸಾಲಿಡ್ ಕಲರ್. ಹಾರ್ಡ್‌ನರ್ ಅನ್ನುವ ಗಟ್ಟಿ ಮಾಡುವ ದ್ರವ ಬೆರೆಸಿ ಹೊಡೆಯುವುದು. ಎರಡು, ಹೆಚ್ಚೆಂದರೆ ಮೂರು ಕೋಟ್. ಹೊರಮೈಯಲ್ಲಿ ಕೂತ ಧೂಳಷ್ಟೇ 2000 ಪೇಪರಲ್ಲಿ ತೆಗೆದು ಕೈಯಲ್ಲಿ ಪಾಲಿಶ್. ಮಷಿನ್ ಇಟ್ಟು ಕನ್ನಡಿ ಮಾಡಬಾರದು. ಈಗಿರುವ ಮೆರೂನ್ ಎನ್‌ಸಿ ಅಂತಾಯಿತಲ್ಲ, ಅದರ ಮೇಲೆ ಹೊಡೆಯುವ ಮಾತೇ ಬೇಡ. ಕೆಳಗಿನದು ಕರಗುತ್ತದೆ, ಮೇಲಿನದು ಸುಕ್ಕಾಗುತ್ತದೆ. ಹೊರಮೈಯನ್ನು ತಗಡಿನವರೆಗೆ ತೆಗೆಯಲೇಬೇಕು.

ಒಂದು ಎಚ್ಚರಿಕೆ. 2ಕೆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಲ್ಲಿ ಹೋದರೆ ಉಬ್ಬಸ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಬಿಡುವುದು ಕಷ್ಟ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವವನಿಗೆ ಕೆಲಸ ಕೊಡಬೇಡ. ಹೊರಗಿಂದ ಗಾಳಿ ಕೊಡುವ ಮಾಸ್ಕ್ ಇರುವ ಶೆಡ್ಡಿಗೇ ಒಯ್ಯಿ. ನನ್ನ ಜೊತೆ ಕೆಲಸ ಕಲಿತ ಇಬ್ಬರು ಈಗ ಮೆಟ್ಟಿಲು ಹತ್ತಲಾರರು.

ಇನ್ನು ದೊಡ್ಡಹಬ್ಬ. ಅಜ್ಜಿಗೆ ನನ್ನ ಪರವಾಗಿ ಹೇಳು, ಆಗುವುದಿಲ್ಲ. ತೀರ್ಥಹಳ್ಳಿ ಸೀಮೆಯ ಮಳೆಗಾಲದಲ್ಲಿ ಸಂಜೆ ತೆಗೆದ ತಗಡಿಗೆ ಬೆಳಗಾಗುವುದರೊಳಗೆ ಅರಿಶಿನ ಬಳಿದ ಹಾಗೆ ತುಕ್ಕು ಬರುತ್ತದೆ. ಬೆರಳಿಟ್ಟ ಕಡೆ ಬೆರಳಿನ ಗುರುತೇ ತುಕ್ಕಾಗುತ್ತದೆ. ಹಾಗೆ ಬಂದ ತುಕ್ಕಿನ ಮೇಲೆ ಪ್ರೈಮರ್ ಹೊಡೆದರೆ ಅಪ್ಪನ ಕಾಲದಲ್ಲಿ ಆಗಿದ್ದೇ ಮತ್ತೆ ಆಗುತ್ತದೆ. ಪೇಂಟಿಗೂ ತೇವ ಆಗುವುದಿಲ್ಲ. 2ಕೆ ಹಾರ್ಡ್‌ನರ್ ನೀರಿನ ಪಸೆಗೆ ಸೇರಿ ಗುಳ್ಳೆ ಏಳುತ್ತದೆ, ಮಂಕಾಗುತ್ತದೆ. ಎನ್‌ಸಿ ಆಗಿದ್ದರೆ ಇನ್ನೂ ಕಷ್ಟ. ಥಿನ್ನರ್ ಆರುವಾಗ ತಗಡಿನ ಬಿಸಿ ಎಳೆದುಕೊಳ್ಳುತ್ತದೆ, ತಗಡು ತಣ್ಣಗಾಗಿ ಗಾಳಿಯ ಪಸೆ ಅದರ ಮೇಲೆ ಕೂರುತ್ತದೆ, ಬಣ್ಣ ಗಂಜಿ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಆಂಟಿಚಿಲ್ ಥಿನ್ನರ್ ಹಾಕಿ ನಿಧಾನ ಆರುವಂತೆ ಮಾಡಿ ತಪ್ಪಿಸುತ್ತಿದ್ದೆವು, ಆದರೂ ಆಷಾಢದಲ್ಲಿ ಅದೂ ಕೈಕೊಡುತ್ತಿತ್ತು.

ಹಬ್ಬದ ಹೊತ್ತಿಗೆ ಟಿಂಕರಿಂಗ್ ಮುಗಿಸು. ಸಂಕ್ರಾಂತಿ ಕಳೆಯಲಿ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಹನ್ನೊಂದರಿಂದ ಮೂರರ ಒಳಗೆ ಹೊಡೆಯಬೇಕು. ಪೇಂಟ್ ತೆಗೆದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಒಂದೇ ದಿನಕ್ಕೆ ಆಗುವಷ್ಟೇ ತೆಗೆಯಿರಿ, ಇವತ್ತು ಒಂದು ಬಾಗಿಲು, ನಾಳೆ ಇನ್ನೊಂದು. ಕಂಪ್ರೆಸರಿನ ಟ್ಯಾಂಕಿನಿಂದ ದಿನಾ ನೀರು ಬಿಡುತ್ತಾರಾ ಅಂತ ನೀನೇ ನಿಂತು ನೋಡು.

ತುಂಗಾತೀರದವನು, ತೀರ್ಥಹಳ್ಳಿ (ಮಾರ್ಚ್)

ತಡವಾಗಿ ಬರೆಯುತ್ತಿದ್ದೇನೆ, ಅಡಿಕೆ ಕೊಯ್ಲಿನಲ್ಲಿ ಪುರಸೊತ್ತೇ ಆಗಲಿಲ್ಲ. ಹಬ್ಬದ ದಿನ ಕಾರು ಮೆರೂನು, ಬಿಳಿ, ತುಕ್ಕು ಎಲ್ಲ ಕಾಣುವ ಸ್ಥಿತಿಯಲ್ಲೇ ಅಂಗಳದಲ್ಲಿತ್ತು. ಅಜ್ಜಿ ಹಾಗೇ ಪೂಜೆ ಮಾಡಿದರು.

ಫೆಬ್ರವರಿ ಎರಡನೇ ವಾರ ಪೇಂಟ್ ಮುಗಿಯಿತು. ಸ್ಕ್ಯಾನರ್ ಕೊಟ್ಟ ಮೊದಲ ಅಳತೆ ಟ್ಯೂಬ್‌ಲೈಟಲ್ಲಿ ಸರಿ ಇತ್ತು, ಬಿಸಿಲಿಗೆ ತಂದರೆ ನೀಲಿ ಹೊಡೆಯುತ್ತಿತ್ತು. ಐದು ತಗಡಿನ ಚೂರು ಹೊಡೆಸಿದೆವು. ಐದನೆಯದನ್ನು ಅಜ್ಜಿ ಒಪ್ಪಿದರು. ಎರಡು ಕೋಟ್ ಸಾಲಿಡ್, ಕ್ಲಿಯರ್ ಇಲ್ಲ. ಬಾನೆಟ್ ಒಳಮೈ ಮುಟ್ಟಿಲ್ಲ, ತೊಳೆದು ಒರೆಸಿದ್ದಷ್ಟೇ. ಆ ಹನಿ ಅಲ್ಲೇ ಇದೆ. ಬಾಗಿಲ ರಟ್ಟಿನ ಹಿಂದಿನ ಗೀಚೂ ಇದೆ, ಹಿಂದಿನ ಸೀಟಿನ ಅಡಿಯೂ ಹಾಗೇ. ಡಿಕ್ಕಿ ಅಂಚಿನ ಉಂಗುರವನ್ನು ಮುಚ್ಚಲು ಪೇಂಟರ್ ಕೇಳಿದರು, ಬೇಡ ಅಂದೆ.

ಮೇಸ್ತ್ರಿಗಳೇ, ಮುಂದಿನ ಸೋಮವಾರ ಶಿವಮೊಗ್ಗಕ್ಕೆ ಬರುತ್ತಿದ್ದೇನೆ, ಕಾರಲ್ಲೇ. ಜೊತೆಗೆ ಅಜ್ಜಿ ಇರುತ್ತಾರೆ. ನಿಮ್ಮ ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ಒಂದು ಸಲ ನಿಲ್ಲಿಸಿ ಆ ಬೆಳಕಿನ ಗೆರೆ ನೋಡಿ ಹೇಳಿ.

ಇನ್ನೊಂದು ಉಳಿದಿದೆ. ಹಿಂದಿನ ಬಲಗಡೆ ಲೈಟಿನ ರಬ್ಬರ್ ಗ್ಯಾಸ್ಕೆಟ್ ಬಿಚ್ಚುವಾಗ ಪುಡಿಯಾಯಿತು. ಯಾರ ಹತ್ತಿರವಾದರೂ ಡಿಲೈಟಿನದು ಇದ್ದರೆ ತಿಳಿಸಿ. ಹಳೆಯದಾದರೂ ಪರವಾಗಿಲ್ಲ, ಅದನ್ನು ಅಚ್ಚಿಗೆ ಇಟ್ಟು ಹೊಸದು ಮಾಡಿಸುತ್ತೇನೆ.